ಕಡಲ ಕಟ್ಟೆ: ಇಂಜಿನ್ ಇಲ್ಲದ ಹಡಗಿನ ಕ್ಯಾಪ್ಟನ್

ಸರಕು ಹಡಗುಗಳ ಕ್ಯಾಪ್ಟನ್ ಆಗಿ ನಿವೃತ್ತನಾದ ಮೇಲೆ ಮಗಳ ಊರಾದ ಅಮೆರಿಕದ ಸ್ಯಾನ್ ಡಿಯಾಗೋಗೆ ಹೋದಾಗಲೆಲ್ಲ ಅಲ್ಲಿನ ಕಡಲ ವಸ್ತುಸಂಗ್ರಹಾಲಯದ ಹಾಯಿಹಡಗು ‘ಸ್ಟಾರ್ ಆಫ್ ಇಂಡಿಯಾ’ವನ್ನು ನೋಡದೆ ಬಂದವನಲ್ಲ. ಕಳೆದ ಸಂಚಿಕೆಯಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳೆಲ್ಲ ಅದರ ಕುರಿತೇ ಇರುವುದರಿಂದ ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ.

ದಕ್ಕೆಯಲ್ಲಿ ಕಟ್ಟಿ ನಿಲ್ಲಿಸಿದ ಹಡಗಿಗೆ ಕ್ಯಾಪ್ಟನ್ ಏಕೆ? ಒಬ್ಬ ಮೇಲ್ವಿಚಾರಕ ಸಾಲದೆ?
— ನಿವೃತ್ತ ಶಿಕ್ಷಕರು, ಶಿರಸಿ

ಮೇಷ್ಟರೇ, ಕಟ್ಟಿ ನಿಲ್ಲಿಸುವುದಷ್ಟೇ ಕೆಲಸವಾಗಿದ್ದರೆ ಸಾಕಿತ್ತು. ಈ ಹಡಗು ಈಗಲೂ ಸಮುದ್ರಕ್ಕೆ ಹೋಗುತ್ತದೆ. 1863ರಲ್ಲಿ ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ರಾಮ್ಸೆಯಲ್ಲಿ ಕಬ್ಬಿಣದ ಒಡಲಿನೊಂದಿಗೆ ಹುಟ್ಟಿದ ಇದಕ್ಕೆ ಅಂದಿನಿಂದ ಇಂದಿನವರೆಗೆ ಯಾರೂ ಇಂಜಿನ್ ಇಟ್ಟಿಲ್ಲ. 1923ರಲ್ಲಿ ದುಡಿಮೆ ನಿಲ್ಲಿಸಿತು. 1926ರಲ್ಲಿ ಸ್ಯಾನ್ ಡಿಯಾಗೋದವರು ಕೊಂಡುಕೊಂಡರೂ ಹಣವಿಲ್ಲದೆ ಎಷ್ಟೋ ವರ್ಷ ತುಕ್ಕು ಹಿಡಿಯುತ್ತಾ ನಿಂತಿತ್ತು. ಮತ್ತೆ ಹಾಯಿ ಬಿಚ್ಚಿ ಹೊರಟದ್ದು 1976ರ ಜುಲೈ 4ರಂದು.

ಅಂಥ ಹಡಗಿನ ಕ್ಯಾಪ್ಟನ್ ವರ್ಷದ ಬಹುಭಾಗ ಮಾಡುವುದು ಎರಡು ಕೆಲಸ: ಹಡಗನ್ನು ಉಳಿಸಿಕೊಳ್ಳುವುದು, ಜನರನ್ನು ತಯಾರು ಮಾಡುವುದು. ಕಬ್ಬಿಣಕ್ಕೆ ಉಪ್ಪುನೀರು ಶತ್ರು, ಮರದ ಅಟ್ಟಕ್ಕೆ, ಅಂದರೆ ಡೆಕ್ಕಿಗೆ, ಮಳೆನೀರು ಶತ್ರು. ಉಪ್ಪುನೀರಿನಲ್ಲಿ ಮರ ಬಾಳುತ್ತದೆ, ಸಿಹಿನೀರು ಹಲಗೆಯ ಸಂದಿಗೆ ಇಳಿದರೆ ಕೊಳೆಯುತ್ತದೆ. ಹಗ್ಗ ಸವೆಯುತ್ತದೆ, ಹಾಯಿಯ ಹೊಲಿಗೆ ಬಿಸಿಲಿಗೆ ಪುಡಿಯಾಗುತ್ತದೆ. ಯಾವುದನ್ನು ಈ ವರ್ಷ ಬದಲಿಸಬೇಕು, ಯಾವುದು ಇನ್ನೊಂದು ವರ್ಷ ತಡೆಯುತ್ತದೆ ಎಂದು ಹೇಳಬಲ್ಲವನು ಅದನ್ನು ಕಡಲಿಗೆ ಒಯ್ಯುವ ಹೊಣೆ ಹೊತ್ತವನೇ ಆಗಿರಬೇಕು. ಲೆಕ್ಕಪತ್ರ ನೋಡುವವರಿಗೆ ಆ ತೀರ್ಮಾನವನ್ನು ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯದು ಇನ್ನೂ ಕಷ್ಟದ್ದು. ಹಡಗು ನಡೆಸುವವರು ಸಂಬಳದ ಖಲಾಸಿಗಳಲ್ಲ, ಸ್ವಯಂಸೇವಕರು. ವಾರವಿಡೀ ಬೇರೆ ಕೆಲಸವಿರುವವರು. ಅವರ ತರಬೇತಿಯನ್ನು ದಕ್ಕೆಯ ಮೇಲೆ ನಿಂತು ನೋಡಿದ್ದೇನೆ. ಹಾಯಿ ಹೊತ್ತು ನೆಟ್ಟಗೆ ನಿಂತ ಮೂರು ಕೂವೆಮರಗಳಿಂದ ಇಳಿದು ಬರುವ ನೂರಕ್ಕೂ ಹೆಚ್ಚು ಹಗ್ಗಗಳಲ್ಲಿ ಪ್ರತಿಯೊಂದಕ್ಕೂ ಹೆಸರುಂಟು, ಕಟ್ಟುವ ಗೂಟ ಅದರದೇ. ಹಾಯಿ ಎಳೆಯುವ ಹಗ್ಗದ ಬದಲು ಹಾಯಿ ಕಟ್ಟಿದ ಅಡ್ಡಮರವನ್ನು ತೂಗುಹಾಕಿದ ಹಗ್ಗವನ್ನು ಬಿಚ್ಚಿದರೆ ಕೆಳಗಿರುವವರ ಪ್ರಾಣಕ್ಕೆ ಅಪಾಯ. ಅದಕ್ಕೇ ಕಣ್ಣು ಮುಚ್ಚಿದರೂ ಕೈ ಸರಿಯಾದ ಗೂಟಕ್ಕೆ ಹೋಗುವವರೆಗೆ ಕಲಿಸುತ್ತಾರೆ.

ಮೇಲಕ್ಕೆ ಹತ್ತಿದವರು ಹಾಯಿ ಮಡಚುವಾಗ ನಿಲ್ಲುವುದು ಅಡ್ಡಮರದ ಕೆಳಗೆ ಇಳಿಬಿಟ್ಟ ಒಂದು ಹಗ್ಗದ ಮೇಲೆ, ಹೊಟ್ಟೆಯನ್ನು ಮರಕ್ಕೆ ಒತ್ತಿಕೊಂಡು. ಹೊಸಬನೊಬ್ಬ ಅದರ ಮೇಲೆ ಕಾಲಿಟ್ಟರೆ ಅವನ ಭಾರಕ್ಕೆ ಉಳಿದವರ ಪಾದದ ಕೆಳಗಿನ ಹಗ್ಗ ಥಟ್ಟನೆ ಎದ್ದು ಕುಣಿಯುತ್ತದೆ. ಆದ್ದರಿಂದ ಕಾಲಿಡುವ ಮೊದಲು ‘ಬರುತ್ತಿದ್ದೇನೆ’ ಎಂದು ಕೂಗಬೇಕು, ಅಲ್ಲಿರುವವರು ಓಗೊಡಬೇಕು, ಆಮೇಲೇ ಕಾಲು. ಬೆಳ್ಳಿಕೂದಲ ಹೆಂಗಸೊಬ್ಬರು ಹೀಗೆ ಕೂಗಿ, ಉತ್ತರ ಬರುವವರೆಗೆ ಕಾಲನ್ನು ಗಾಳಿಯಲ್ಲೇ ತಡೆದು ನಿಂತದ್ದನ್ನು ಕಂಡಾಗ, ಇವರನ್ನು ತಯಾರು ಮಾಡಿದ ಕ್ಯಾಪ್ಟನ್ ಬಗ್ಗೆ ನನಗೆ ಗೌರವ ಮೂಡಿತು.

ಇನ್ನು ಹೊರಡುವ ದಿನ. ಇಂಜಿನ್ ಇಲ್ಲದ್ದರಿಂದ ಟಗ್ ದೋಣಿ ಅದನ್ನು ಕೊಲ್ಲಿಯಿಂದ ಎಳೆದೊಯ್ದು, ಪಾಯಿಂಟ್ ಲೋಮಾ ದಾಟಿಸಿ ಬಿಡುತ್ತದೆ. ಅಲ್ಲಿಂದ ಕ್ಯಾಪ್ಟನ್ ಮತ್ತು ಗಾಳಿ. ಚೌಕ ಹಾಯಿಯ ಹಡಗು ಗಾಳಿ ಬರುವ ದಿಕ್ಕಿನಿಂದ ಸುಮಾರು 60 ಡಿಗ್ರಿಗಿಂತ ಹತ್ತಿರಕ್ಕೆ ಮೂತಿ ತಿರುಗಿಸಿ ಸಾಗಲಾರದು. ಗಾಳಿಗೆ ಎದುರಾಗಿ ಹೋಗಬೇಕಾದರೆ ಅಡ್ಡಡ್ಡ ಸಾಗಬೇಕು, ನಡುನಡುವೆ ಮೂತಿಯನ್ನು ಗಾಳಿಯ ಇನ್ನೊಂದು ಬದಿಗೆ ದಾಟಿಸಬೇಕು. ಚುಕ್ಕಾಣಿ ತಿರುಗಿಸಿದ ಮೇಲೆ ನಡುವಿನ ಕೂವೆಮರದ ಹಾಯಿಗಳನ್ನು ಹೊರಳಿಸುವ ಆಜ್ಞೆ ತುಸು ಬೇಗ ಬಂದರೆ ಹಡಗು ದಾಟುವುದಿಲ್ಲ. ತಡವಾದರೆ ಗಾಳಿಗೆ ಎದೆಕೊಟ್ಟು ನಿಂತುಬಿಡುತ್ತದೆ, ಮೆಲ್ಲನೆ ಹಿಂದಕ್ಕೂ ಜಾರುತ್ತದೆ. ಸರಿಯಾದ ಗಳಿಗೆಯನ್ನು ಯಾವ ಯಂತ್ರವೂ ಹೇಳದು. ಕೆನ್ನೆಗೆ ತಾಗುವ ಗಾಳಿ, ಹಾಯಿಯ ಅಂಚು ಪಟಪಟ ಬಡಿಯಲು ಶುರುವಾಗುವ ರೀತಿ, ಇವೇ ಸೂಚನೆ. ನಾನು ಸರಕು ಹಡಗುಗಳನ್ನು ಎಷ್ಟೋ ಸಾಗರ ದಾಟಿಸಿದ್ದೇನೆ. ಆ ಅನುಭವದಲ್ಲಿ ಈ ವಿದ್ಯೆ ಇಲ್ಲ. ಇದು ಮಾಡುತ್ತಾ ಮಾಡುತ್ತಾ ಕೈಯಿಂದ ಕೈಗೆ ದಾಟುವಂಥದ್ದು. ಹಡಗು ಹೊರಡುವುದನ್ನೇ ನಿಲ್ಲಿಸಿದರೆ ಒಂದು ತಲೆಮಾರಿನಲ್ಲಿ ಇಲ್ಲವಾಗುತ್ತದೆ.

ಹೆಸರಿನಲ್ಲಿ ‘ಇಂಡಿಯಾ’ ಇದೆಯಲ್ಲ, ನಮ್ಮ ದೇಶಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ?
— ಓದುಗರು, ಅಂಕೋಲಾ

ಹೆಸರಿಗೆ ಇಲ್ಲ, ಹಡಗಿಗೆ ಇದೆ. ಹುಟ್ಟಿದಾಗ ಅದರ ಹೆಸರು ‘ಯೂಟರ್ಪಿ’. ಅಲಾಸ್ಕಾದ ಸಾಲ್ಮನ್ ಮೀನು ಡಬ್ಬಿಗೆ ತುಂಬುವ ಕಂಪನಿಯೊಂದು ಕೊಂಡುಕೊಂಡು, ತನ್ನ ಇತರ ಹಡಗುಗಳ ಹೆಸರಿನ ಧಾಟಿಯಲ್ಲಿ 1906ರಲ್ಲಿ ‘ಸ್ಟಾರ್ ಆಫ್ ಇಂಡಿಯಾ’ ಎಂದು ಕರೆಯಿತು. ಆದರೆ ಅದರ ಮೊದಲ ಪಯಣಗಳು ಕಲ್ಕತ್ತೆಗೇ. 1864ರ ಆರಂಭದಲ್ಲಿ ಲಿವರ್‌ಪೂಲ್ ಬಿಟ್ಟ ಸ್ವಲ್ಪದರಲ್ಲೇ ವೇಲ್ಸ್ ಕರಾವಳಿಯಾಚೆ ಸ್ಪೇನಿನ ಹಡಗೊಂದು ಡಿಕ್ಕಿ ಹೊಡೆಯಿತು. ಖಲಾಸಿಗಳು ಮುಂದೆ ಬರುವುದಿಲ್ಲ ಎಂದು ಹಟ ಹಿಡಿದರು, ಹದಿನೇಳು ಮಂದಿ ಜೈಲು ಸೇರಿದರು. ಮರುವರ್ಷ ಬಂಗಾಳ ಕೊಲ್ಲಿಯಲ್ಲಿ ಮದರಾಸಿನ ಆಚೆ ಬಿರುಗಾಳಿಗೆ ಸಿಕ್ಕಿ, ಮಗುಚದೆ ಉಳಿಯಲು ಕೂವೆಮರಗಳನ್ನೇ ಕಡಿದು ಸಮುದ್ರಕ್ಕೆ ಬಿಡಬೇಕಾಯಿತು. ಶ್ರೀಲಂಕಾದ ಟ್ರಿಂಕೋಮಲಿಗೂ ಅಲ್ಲಿಂದ ಕಲ್ಕತ್ತೆಗೂ ಕುಂಟುತ್ತಾ ಹೋಯಿತು. ಮೊದಲ ಕ್ಯಾಪ್ಟನ್ ವಿಲಿಯಂ ಸ್ಟೋರಿ ಇಂಗ್ಲೆಂಡಿಗೆ ಮರಳುವ ದಾರಿಯಲ್ಲಿ ತೀರಿಕೊಂಡರು, ಕಡಲಿನಲ್ಲೇ ಅವರ ಅಂತ್ಯಸಂಸ್ಕಾರವಾಯಿತು. ತನ್ನ ಹಡಗಿನ ಕೂವೆಮರ ಕಡಿಯಿರಿ ಎಂದು ತಾನೇ ಆಜ್ಞೆ ಕೊಡಬೇಕಾದ ಆ ಮನುಷ್ಯನನ್ನು ನಾನು ಬಹಳ ಸಲ ನೆನೆದಿದ್ದೇನೆ.

ನಾನು ಕಂಟೇನರ್ ಹಡಗಿನಲ್ಲಿ ಸೆಕೆಂಡ್ ಆಫೀಸರ್. ಇಂಥ ಹಡಗಿಗೆ ಕ್ಯಾಪ್ಟನ್ ಆಗಲು ಏನು ಮಾಡಬೇಕು? ಸಂಬಳ ಹೇಗೆ?
— ಯುವ ನಾವಿಕ, ಕುಂದಾಪುರ

ಮೊದಲು ಅಡ್ಡಿಯನ್ನೇ ಹೇಳಿಬಿಡುತ್ತೇನೆ ತಮ್ಮಾ. ಅಮೆರಿಕದಲ್ಲಿ ನೋಂದಾಯಿತವಾದ ಹಡಗಿನ ಮಾಸ್ಟರ್, ಅಂದರೆ ಕ್ಯಾಪ್ಟನ್, ಆ ದೇಶದ ಪ್ರಜೆಯೇ ಆಗಿರಬೇಕೆಂದು ಅಲ್ಲಿ ಕಾನೂನಿದೆ. ಅಲ್ಲಿಯ ಕೋಸ್ಟ್ ಗಾರ್ಡ್ ಕೊಡುವ ಪರವಾನಗಿಯಲ್ಲಿ ಹಾಯಿ ನಡೆಸುವ ಅರ್ಹತೆ ಬೇರೆಯಾಗಿ ನಮೂದಾಗಬೇಕು, ಅದಕ್ಕೆ ಹಾಯಿಹಡಗಿನಲ್ಲೇ ದುಡಿದ ದಿನಗಳನ್ನು ತೋರಿಸಬೇಕು. ನಿಮ್ಮ ಕಂಟೇನರ್ ಹಡಗಿನ ವರ್ಷಗಳಿಂದ ಪಥನಿರ್ಣಯ, ಹವಾಮಾನ, ಹೊಣೆಗಾರಿಕೆ ಕಲಿತಿದ್ದೀರಿ. ಹಾಯಿಯ ವಿಷಯದಲ್ಲಿ ಮಾತ್ರ ಡೆಕ್ ಕೆಲಸದವನಾಗಿ ಮತ್ತೆ ಮೊದಲಿನಿಂದ ಹತ್ತಬೇಕು. ಸಂಬಳಕ್ಕಾಗಿ ಹೋಗಬೇಡಿ. ಇಂಥ ಸಂಸ್ಥೆಗಳು ದೇಣಿಗೆ ಮತ್ತು ಟಿಕೆಟ್ ಹಣದಿಂದ ನಡೆಯುತ್ತವೆ.

ನಮ್ಮಲ್ಲೇ ನೋಡಿ. ನೌಕಾಪಡೆಯ ‘ತರಂಗಿಣಿ’ ಮತ್ತು ‘ಸುದರ್ಶಿನಿ’ ಮೂರು ಕೂವೆಮರಗಳ ತರಬೇತಿ ಹಡಗುಗಳು. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ‘ಕೌಂಡಿನ್ಯ’ ನೌಕಾಪಡೆಗೆ ಸೇರಿತು. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಾಯಿಹಡಗು ಅದು. ರಜೆಯಲ್ಲಿ ಬಂದಾಗ ಇನ್ನೊಂದು ಕೆಲಸ ಮಾಡಿ: ಮಂಗಳೂರಿನ ಹಳೆ ಬಂದರಿಗೆ ಹೋಗಿ, ನಮ್ಮ ಕರಾವಳಿಯ ಮರದ ಸರಕು ಹಡಗಾದ ಮಂಜಿಯನ್ನು ಹಾಯಿ ಕಟ್ಟಿ ನಡೆಸಿದ ವಯಸ್ಸಾದ ತಾಂಡೇಲರು, ಅಂದರೆ ಅದರ ನಾಯಕರು, ಯಾರಾದರೂ ಸಿಕ್ಕರೆ ಕುಳಿತು ಮಾತನಾಡಿಸಿ, ಬರೆದಿಟ್ಟುಕೊಳ್ಳಿ. ಸಮುದ್ರಕ್ಕೆ ಇಳಿಯುವ ಸ್ಥಿತಿಯಲ್ಲಿ ಒಂದು ಹಾಯಿ ಮಂಜಿಯನ್ನು ನಮ್ಮ ಕರಾವಳಿಯೂ ಉಳಿಸಿಕೊಳ್ಳಬೇಕೆಂಬುದು ನನ್ನ ಬಹುಕಾಲದ ಆಸೆ. ಅದಕ್ಕೆ ಬೇಕಾಗುವ ಕ್ಯಾಪ್ಟನ್ ಕುಂದಾಪುರದವನೇ ಆದರೆ ನನಗಿಂತ ಸಂತೋಷಪಡುವವರಿಲ್ಲ.

ಹುಡುಗಿಯರಿಗೆ ಈ ಕೆಲಸ ಸಿಗುತ್ತದೆಯೇ?
— ಪಿಯುಸಿ ವಿದ್ಯಾರ್ಥಿನಿ, ಬೆಳಗಾವಿ

ಖಂಡಿತ ಸಿಗುತ್ತದೆ ಮಗಳೇ. ಅಮೆರಿಕದ ಕೋಸ್ಟ್ ಗಾರ್ಡ್‌ನ ತರಬೇತಿ ಹಾಯಿಹಡಗು ‘ಈಗಲ್’ 1936ರಲ್ಲಿ ಕಟ್ಟಿದ್ದು. 2022ರಲ್ಲಿ ಅದರ ಕ್ಯಾಪ್ಟನ್ ಆದವರು ಜೆಸಿಕಾ ರೋಝಿ-ಓಕ್ಸ್, ಆ ಹುದ್ದೆಗೇರಿದ ಮೊದಲ ಮಹಿಳೆ. ನಮ್ಮ ನೌಕಾಪಡೆಯಲ್ಲಿ ವರ್ತಿಕಾ ಜೋಶಿ ನಾಯಕತ್ವದ ಆರು ಮಹಿಳೆಯರು 2017–18ರಲ್ಲಿ ‘ತಾರಿಣಿ’ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು ಭೂಮಿ ಸುತ್ತಿ ಬಂದರು. ಮೊದಲು ಈಜು ಚೆನ್ನಾಗಿ ಕಲಿಯಿರಿ. ಪದವಿಗೆ ಕರಾವಳಿಯ ಕಾಲೇಜು ಸೇರುವುದಾದರೆ ಎನ್‌ಸಿಸಿಯ ನೌಕಾ ವಿಭಾಗ ಇರುವ ಕಾಲೇಜನ್ನೇ ಆರಿಸಿಕೊಳ್ಳಿ. ಹಾಯಿದೋಣಿ ನಡೆಸುವ ಅವಕಾಶ ಅಲ್ಲಿ ಸಿಗುತ್ತದೆ.