ಕೇಳ್ರಿ ಹೇಳ್ತೀನಿ: ಐವತ್ತು ದಾಟಿದ ಮ್ಯಾಲ ರಾಡ್ ಎತ್ತಬಹುದೇನ್ರಿ?

ಪ್ರಶ್ನೆ: ಸರ್ ನಮಸ್ಕಾರ್ರೀ, ಸಿಂಧನೂರದಾಗ ಗೊಬ್ಬರದ ಅಂಗಡಿ ಐತಿ, ವಯಸ್ಸು 53. ಕಾಲೇಜಿನಾಗಿಂದ ಜಿಮ್ ಚಟ, ನಡುವ ಎಂಟು ವರ್ಷ ಬಿಟ್ಟಿದ್ದೆ, ಹೋದ ವರ್ಷ ಮತ್ತ ಶುರು ಮಾಡಿ ಸ್ಕ್ವಾಟ್, ಅಂದ್ರ ರಾಡ್ ಹೆಗಲ ಮ್ಯಾಲ ಇಟ್ಟು ಕುಂತು ಏಳೋದು, 100 ಕೆಜಿ ತನಕ ಬಂದೀನಿ. ಕುಂತು ಏಳುವಾಗ ಮೊಣಕಾಲು ಕಟ್ ಕಟ್ ಅಂತಾವ, ಬೆಂಚ್ (ಅಂಗಾತ ಮಲಗಿ ಎದಿ ಮ್ಯಾಲಿಂದ ರಾಡ್ ದೂಕೋದು) ಹೊಡದ ಮಾರನೇ ದಿನ ಬಲಗೈ ಮ್ಯಾಲ ಎತ್ತಾಕ ಬರಂಗಿಲ್ಲ. ಮನ್ಯಾಗ ಸಾಕು ಬಿಡ್ರಿ ಅಂತ ಗಂಟುಬಿದ್ದಾರ. ಬಿಡಲೇನು?

ಉತ್ತರ: ಬಿಡಬ್ಯಾಡ್ರಿ ಅಣ್ಣಾರ, ಆದ್ರ ಆ 100 ಕೆಜಿ ಸದ್ಯಕ್ಕ ಕೆಳಗ ಇಡ್ರಿ. ಕಟ್ ಕಟ್ ಅನ್ನೋದಕ್ಕ ಹೆದರೂ ಕಾರಣ ಇಲ್ಲ, ನೋವಿಲ್ಲ ಬಾವಿಲ್ಲ ಅಂದ್ರ ಅದು ಬರೇ ಸಪ್ಪಳ, ಹಳೇ ಬಾಗಿಲು ಕಿರ್ ಅಂತೈತಿ ಅಂತ ಯಾರರ ಕಿತ್ತು ಒಗಿತಾರೇನು. ಭುಜದ್ದು ಹಂಗಲ್ಲ, ಅದಕ್ಕ ಆಮ್ಯಾಲ ಬರ್ತೀನಿ.

ನಿಮ್ಮ ಪತ್ರದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಎಂಟು ವರ್ಷ. ಮೊದಲು ಕಸರತ್ತು ಮಾಡಿದ ಮೈಯಾಗ ಮಾಂಸಖಂಡ ಲಗೂನ ಹೊಳ್ಳಿ ಬರ್ತೈತಿ, ಕೆಲವು ತಿಂಗಳದಾಗ ಹಳೇ ತಾಕತ್ತು ಬಂತು ಅನ್ನಸ್ತೈತಿ, ಆದ್ರ ಆ ಖಂಡನ್ನ ಎಲುಬಿಗೆ ಬಿಗಿಯೋ ಟೆಂಡನ್ ಅಂತ ಇರ್ತೈತಲ್ಲ ಅದಕ್ಕ ರಕ್ತ ಹರಿಯೋದು ಕಡಿಮಿ, ಗಟ್ಟಿ ಆಗೋದು ಸಾವಕಾಶ, ವಯಸ್ಸಾದಂಗ ಇನ್ನೂ ಸಾವಕಾಶ. ರಾಯಚೂರ ಮುಂಗಾರು ಹಬ್ಬದಾಗ ಕಲ್ಲು ಎಳಿಯೋದು ನೋಡಿರ್ತೀರಿ, ಎತ್ತು ಜೋರು ಅದಾವ ಮಿಣಿ ಹಳೇದೈತಿ ಅಂದ್ರ ಏನಾಗ್ತೈತಿ, ನಿಮ್ಮ ಭುಜದ ಕತಿನೂ ಅದ.

ಹಂಗಂತ ಪೂರಾ ಬಿಟ್ರೂ ಲುಕ್ಸಾನ. 30 ದಾಟಿದ ಮ್ಯಾಲ ಕಸರತ್ತಿಲ್ಲದ ಮೈಯಾಗ ಹತ್ತು ವರ್ಷಕ್ಕ ಅಂದಾಜು 3ರಿಂದ 8 ಪರ್ಸೆಂಟ್ ಮಾಂಸಖಂಡ ಕರಗ್ತೈತಿ, 60ರ ಮ್ಯಾಲ ಇನ್ನೂ ಜೋರು. ಕೀಲಿನಾಗ ಎಲುಬಿನ ತುದಿ ಮ್ಯಾಲ ನುಣ್ಣನ ಪದರ ಇರ್ತೈತಿ, ಅದರಾಗ ರಕ್ತನಾಳನ ಇಲ್ಲ, ಸ್ಪಂಜಿನಂಗ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ರನ ಸುತ್ತಲಿನ ನೀರಿನಿಂದ ಅದಕ್ಕ ಊಟ ಸಿಗ್ತೈತಿ, ದಿನಪೂರ್ತಿ ಗಲ್ಲೆ ಮ್ಯಾಲ ಕುಂತ ಮೊಣಕಾಲಿಗೆ ಆ ಊಟ ಇಲ್ಲ.

ಈಗ ಸ್ಕ್ವಾಟ್‌ನಾಗ ಮಾಡೋದು ಇಷ್ಟು. ಬರೇ ರಾಡ್, 20 ಕೆಜಿದು, ಅದರಿಂದ ಎರಡು ಸೆಟ್ ಮಾಡಿ ಮೈ ಬಿಸಿ ಮಾಡ್ಕೋರಿ. ಆಮ್ಯಾಲ ರಾಡ್ ಸೇರಿ 60 ಕೆಜಿ ಮಾಡಿ 8-10 ಸಲ, ಕೆಳಗ ಇಳಿವಾಗ ಒಂದು ಎರಡು ಮೂರು ಅಂತ ಎಣಿಸಿ ಇಳೀರಿ, ಕಡೀಕ ಇನ್ನೊಂದೆರಡು ಹೊಡಿಯೋ ದಮ್ಮು ಇರುವಾಗ ನಿಲ್ಲಸ್ರಿ. ಒಂದೇ ಸಲಕ್ಕ ಎಷ್ಟು ಎತ್ತೀನಿ ಅನ್ನೋ ಲೆಕ್ಕ ಪಡ್ಡೆ ಹುಡುಗರಿಗೆ ಬಿಡ್ರಿ. ಮೊಣಕಾಲು ಬೆರಳು ದಾಟಬಾರದು ಅಂತ ನಾನೂ ಪೀಟಿ ಮಾಸ್ತರ ಇದ್ದಾಗ ಕೋಲು ಹಿಡದು ಹೇಳೀನಿ, ಅದು ಅಷ್ಟು ಖರೇ ಅಲ್ಲ, ಸ್ವಲ್ಪ ದಾಟಿದ್ರ ಏನೂ ಆಗಂಗಿಲ್ಲ, ಎರಡೂ ಮೊಣಕಾಲು ಒಳಗಡೆ ವಾಲಬಾರದು, ಪಾದ ಯಾವ ಕಡೆ ಐತೋ ಅದೇ ಕಡೆ ಹೋಗಬೇಕು. ಹಿಮ್ಮಡ ಎದ್ದು ಬರ್ತಿದ್ರ ಕೆಳಗ ಸಣ್ಣ ಪ್ಲೇಟ್ ಇಟ್ಕೋರಿ, ನಾಚಿಕಿ ಏನಿಲ್ಲ.

ಭುಜ. ಬೆಂಚ್ ಹೊಡಿವಾಗ ಮೊಣಕೈ ಎರಡೂ ಕಡೆ ಪೂರ್ತಿ ಅಗಲ ಮಾಡ್ತೀರಿ ಅಂತ ಕಾಣ್ತೈತಿ, ಮೈ ಕಡೆ ತರ್ರಿ, 45 ಡಿಗ್ರಿ ಸುಮಾರಿಗೆ. ಒಂದು ತಿಂಗಳು ರಾಡ್ ಬಿಟ್ಟು ಡಂಬೆಲ್. ತೆಲಿ ಹಿಂದ ರಾಡ್ ಇಳಿಸಿ ಪ್ರೆಸ್ ಹೊಡಿಯೋ, ಅಂದ್ರ ತೆಲಿ ಮ್ಯಾಲಕ್ಕ ದೂಕೋ, ಚಟ ಇದ್ರ ಇವತ್ತ ನಿಲ್ಲಸ್ರಿ. ಎದಿಯಿಂದ ಒಂದು ಸಲ ದೂಕಿದ್ರ ಡುಬ್ಬದಿಂದ ಎರಡು ಸಲ ಎಳೀಬೇಕು, ನಮ್ಮ ಕಡೆ ಹುಡುಗರು ಕನ್ನಡ್ಯಾಗ ಕಾಣೋ ಎದಿಗೆ ಮಾತ್ರ ಹೊಡಿತಾರ, ಡುಬ್ಬ ಮರತ ಬಿಡ್ತಾರ. ಪ್ರೆಸ್ ಅಂದ ಕೂಡಲೇ ನೆನಪಾತು, ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನಾಗ ಮೊದಲು ಸ್ನ್ಯಾಚ್ (ನೆಲದಿಂದ ಒಂದೇ ದಮ್ಮಿಗೆ ತೆಲಿ ಮ್ಯಾಲ), ಕ್ಲೀನ್ ಅಂಡ್ ಜರ್ಕ್ (ಮೊದಲು ಹೆಗಲಿಗೆ, ಆಮ್ಯಾಲ ತೆಲಿ ಮ್ಯಾಲ) ಜೋಡಿ ಪ್ರೆಸ್ಸೂ ಇತ್ತು, ಮಂದಿ ನಡ ಹಿಂದಕ್ಕ ಬಗ್ಗಿಸಿ ಬಗ್ಗಿಸಿ ಎತ್ತಾಕ ಹತ್ತಿದ್ರು, ಯಾವುದು ಸರಿ ಯಾವುದು ತಪ್ಪು ಅಂತ ಹೇಳಾಕ ಜಡ್ಜ್‌ಗಳಿಗೇ ಆಗವಲ್ದಾತು, 1972ರ ಮ್ಯೂನಿಕ್ ಆದ ಮ್ಯಾಲ ಅದನ್ನ ತಗದ ಬಿಟ್ರು. ನೀವೂ ನಡ ಬಗ್ಗಿಸಿ ಪ್ರೆಸ್ ಹೊಡಿಬ್ಯಾಡ್ರಿ. ಬಿಪಿ ಐತಿ ಅಂದ್ರ ಉಸಿರು ಬಿಗಿ ಹಿಡದು ಎತ್ತಬ್ಯಾಡ್ರಿ, ಎತ್ತುವಾಗ ಉಸಿರು ಬಿಡ್ರಿ.

ಇನ್ನ ಮೆಡಿಕಲ್ ಶಾಪಿನ ನೋವಿನ ಗುಳಿಗಿ. ನುಂಗಿ ಜಿಮ್ಮಿಗೆ ಹೋಗೋ ಮಂದಿ ಬಾಳ ಅದಾರ, ನಮ್ಮ 42 ಡಿಗ್ರಿ ಬಿಸಿಲಿನಾಗ ಬೆವರು ಹರಿಸಿ ನೀರೂ ಕುಡೀದ ಆ ಗುಳಿಗಿ ದಿನಾ ತಗೊಂಡ್ರ ಕಿಡ್ನಿಗೆ ಬೀಳ್ತೈತಿ, ನೋವು ಮುಚ್ಚಿದ್ರ ತಪ್ಪು ಎಲ್ಲಿ ಆಗ್ತೈತಿ ಅಂತನೂ ತಿಳಿಯಂಗಿಲ್ಲ. ಸಣ್ಣ ನೋವು ಮಾರನೇ ದಿನಕ್ಕ ಇಳದ್ರ ಪರವಾಗಿಲ್ಲ, ಹೆಚ್ಚಾತು ಅಂದ್ರ ಮುಂದಿನ ಸಲ ಭಾರ ಕಡಿಮಿ. ಬಾವು ಬಂದ್ರ, ಕೀಲು ಸಿಕ್ಕಿ ಬಿದ್ರ, ರಾತ್ರಿ ನೋವಿಗೆ ಎಚ್ಚರ ಆದ್ರ ಎಲುಬಿನ ಡಾಕ್ಟರ ಹತ್ರನ ಹೋಗ್ರಿ.

ಪ್ರಶ್ನೆ: ನಮ್ಮಪ್ಪ ಗಂಗಾವತಿ ರೈಸ್ ಮಿಲ್ಲಿನಾಗ ಹಮಾಲಿ, 48 ವರ್ಷ, ನಡಾ ಹಿಡೀತೈತಿ. ಜಿಮ್ಮಿನವರಂಗ ಬೆಲ್ಟ್ ಕಟ್ಟಿದ್ರ ಆಗ್ತೈತೇನ್ರಿ?

ಉತ್ತರ: ತಮ್ಮಾ, ಬೆಲ್ಟ್ ಕಟ್ಟಿದ್ರ ಭಾರ ಕಡಿಮಿ ಆಗಂಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಾಗನ ಒಬ್ಬ ಗಂಡಸು ಹೊರೋ ಭಾರ 55 ಕೆಜಿ ಮೀರಬಾರದು ಅಂತ ಶಿಫಾರಸು ಮಾಡೈತಿ, ನಮ್ಮಲ್ಲಿ ನೆಲ್ಲಿನ ಚೀಲನ 75 ಕೆಜಿ, ಲೆಕ್ಕ ನೀನ ಮಾಡು. ಜಿಮ್ಮಿನಾಗ ನಾನು 75 ಎತ್ತೋದು ಹತ್ತು ಸಲ, ಮ್ಯಾಲ ಫ್ಯಾನು, ನಿಮ್ಮಪ್ಪ ಲಾರಿ ತುಂಬೋ ತನಕ ಹೊರ್ತಾನ, ಅವನಿಗೆ ಟೆಕ್ನಿಕ್ ಹೇಳಾಕ ನನಗ ಸಂಕೋಚ. ಆದ್ರೂ ಮೂರು ಮಾತು ಹೇಳು. ಮುಂಜಾನೆ ಎದ್ದ ಕೂಡಲೇ ಬೆನ್ನಿನ ಎಲುಬುಗಳ ನಡುವಿನ ಮೆತ್ತನ ಡಿಸ್ಕ್ ನೀರು ಹೀರಿ ಉಬ್ಬಿರ್ತಾವ, ಮೊದಲ ಒಂದು ತಾಸು ಬಗ್ಗಿ ಭಾರ ಎತ್ತೋದು ತಪ್ಪಿಸಲಿ, ಅಡ್ಡಾಡಲಿ. ಚೀಲ ಹೊತ್ತು ನಡ ತಿರುವೋದು ಬ್ಯಾಡ, ಕಾಲು ತಿರುವಲಿ. ನೆಲದಿಂದ ಒಬ್ಬನ ಎತ್ತೋದು ಬ್ಯಾಡ, ಇಬ್ಬರು ಹೊರಸಲಿ. ಕಾಲಿಗೆ ಜುಮ್ ಹಿಡದ್ರ, ಒಂದಕ್ಕ ಹೋಗಾಕ ತ್ರಾಸ ಆದ್ರ ಅದೇ ದಿನ ದವಾಖಾನಿ.

ಪ್ರಶ್ನೆ: ಕೊಪ್ಪಳ ಹತ್ರದ ಹಳ್ಳಿ, ನನಗ 46. ಮೊಣಕಾಲು, ಬೆನ್ನು ಮುಂಜಾನೆ ಬಿಗೀತಾವ. ಮಗಳು ವೇಟ್ ಎತ್ತು ಅಂತಾಳ, ಹೆಣಮಕ್ಕಳು ಎತ್ತಬಹುದಾ?

ಉತ್ತರ: ಎತ್ತಬಹುದಕ್ಕ, ಆಂಧ್ರದ ಕರ್ಣಂ ಮಲ್ಲೇಶ್ವರಿ 2000ರ ಸಿಡ್ನಿ ಒಲಿಂಪಿಕ್‌ನಾಗ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡೂ ಸೇರಿ 240 ಕೆಜಿ ಎತ್ತಿ ಕಂಚು ತಂದಾಳ. ನೀವು ಖುರ್ಚಿ ಮ್ಯಾಲ ಕುಂತು ಕೈ ಊರದ ಏಳೋದು ಹತ್ತು ಸಲ ಮಾಡ್ರಿ, ವಾರಕ್ಕ ಎರಡು ದಿನ, ಸಲೀಸು ಆದ ಮ್ಯಾಲ ಎರಡು ಕೆಜಿ ಜ್ವಾಳ ಚೀಲದಾಗ ಹಾಕಿ ಎದಿಗೆ ಹಿಡಕೊಂಡು ಏಳ್ರಿ. ಆದ್ರ ಅದಕ್ಕೂ ಮೊದಲು ಒಂದು ಕೆಲಸ ಐತಿ, ನೀವು ಕುಡಿಯೋದು ಬೋರಿನ ನೀರೇನು? ನಮ್ಮ ರಾಯಚೂರು ಕೊಪ್ಪಳ ಕಡೆ ಬಾಳ ಊರಾಗ ಬೋರಿನ ನೀರಿನಾಗ ಫ್ಲೋರೈಡ್ ಅನ್ನೋ ಲವಣ ಜಾಸ್ತಿ, ಲೀಟರಿಗೆ 1.5 ಮಿಲಿಗ್ರಾಮ್ ದಾಟಿದ ನೀರು ವರ್ಷಗಟ್ಟಲೆ ಕುಡದ್ರ ಬೆನ್ನು, ಕೀಲು ಹಿಂಗ ಬಿಗೀಬಹುದು. ಕಾಯಿಸಿದ್ರ ಅದು ಹೋಗಂಗಿಲ್ಲ. ಪಂಚಾಯ್ತಿಗೆ ಹೇಳಿ ನೀರು ಟೆಸ್ಟ್ ಮಾಡಸ್ರಿ, ರಿಪೋರ್ಟ್ ಬಂದ ಮ್ಯಾಲ ಅದನ್ನ ಡಾಕ್ಟರಿಗೂ ತೋರಸ್ರಿ, ನನಗೂ ಒಂದು ಪತ್ರ ಬರೀರಿ.