ಓಡುವ ಕ್ವಾರ್ಟರ್‌ಬ್ಯಾಕ್ ಸಿಕ್ಕಾಗ ಕೋಚ್ ಏನನ್ನು ಬದಲಿಸಬೇಕು?

ನಿಮ್ಮ ಪ್ರಶ್ನೆ ಇಷ್ಟು: ನ್ಯೂಜೆರ್ಸಿಯ ಒಂದು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ನೀವು ಸಹಾಯಕ ಕೋಚ್. ದೂರದ ಪಾಸ್ ಚೆನ್ನಾಗಿ ಎಸೆಯುತ್ತಿದ್ದ ಹಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಪಡೆದು ಎಸೆಯುವ, ಕೊಡುವ ಅಥವಾ ತಾನೇ ಓಡುವ ಆಟಗಾರ) ಶಾಲೆ ಮುಗಿಸಿ ಹೋದ. ಈಗಿನ ಹುಡುಗನ ಕಾಲು ಬಲು ಚುರುಕು, ಎಸೆತ ಮಾತ್ರ ಸಾಧಾರಣ. ಹೆಡ್ ಕೋಚ್‌ಗೆ ಹಳೆಯ ಪಾಸಿಂಗ್ ಆಟವೇ ಇಷ್ಟ. ಆಟ ಬದಲಿಸಬೇಕೋ, ಹುಡುಗನನ್ನು ತಿದ್ದಬೇಕೋ?

ಆಟ ಬದಲಿಸಿ. ತೋಳಿನ ಬಲ ಒಂದು ಸೀಸನ್‌ನಲ್ಲಿ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಆ ತೋಳಿನಿಂದ ಯಾವ ಪಾಸ್ ಕೇಳಬೇಕು ಅನ್ನೋದು ಮಾತ್ರ ಇವತ್ತೇ ಕೋಚ್ ಕೈಯಲ್ಲಿದೆ. ಆದರೆ ಬದಲಾವಣೆಯ ಹೊರೆ ಲೈನ್‌ನಲ್ಲಿ, ಅಂದರೆ ಎದುರಾಳಿಗಳನ್ನು ತಡೆಯುವ ಮುಂದಿನ ಸಾಲಿನಲ್ಲಿ, ಇರುವ ಐವರ ಮೇಲೆ ಬೀಳಬಾರದು. ಯಾರು ಯಾರನ್ನು ತಡೆಯಬೇಕು ಅನ್ನುವ ನಿಯಮಗಳನ್ನು ಅವರು ಕಷ್ಟಪಟ್ಟು ರೂಢಿ ಮಾಡಿಕೊಂಡಿರುತ್ತಾರೆ. ಅವು ಆದಷ್ಟೂ ಹಾಗೇ ಇರಲಿ. ಕ್ವಾರ್ಟರ್‌ಬ್ಯಾಕ್ ಎಲ್ಲಿ ನಿಲ್ಲುತ್ತಾನೆ, ಯಾರನ್ನು ನೋಡುತ್ತಾನೆ, ಚೆಂಡನ್ನು ಎಷ್ಟು ಬೇಗ ಬಿಡುತ್ತಾನೆ, ಈ ಮೂರನ್ನು ಬದಲಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಹೊಸ ಕ್ವಾರ್ಟರ್‌ಬ್ಯಾಕ್‌ಗೆಂದು ಪೂರ್ತಿ ಹೊಸ ಪ್ಲೇಬುಕ್ (ತಂಡ ಆಡುವ ಪ್ಲೇಗಳ ಪಟ್ಟಿ) ತಂದ ತಂಡಗಳಲ್ಲಿ ಮೊದಲು ಎಡವುವುದು ಲೈನ್. ಬೈಗುಳ ಮಾತ್ರ ಕ್ವಾರ್ಟರ್‌ಬ್ಯಾಕ್‌ಗೆ.

ಮೊದಲು ಅವನ ಎಸೆತವನ್ನು ಅಳೆಯಿರಿ. ಹೆಲ್ಮೆಟ್, ಪ್ಯಾಡ್ ಹಾಕಿಸಿಯೇ ಎಸೆಸಿ. ಸ್ಲ್ಯಾಂಟ್ (ರಿಸೀವರ್ ಓರೆಯಾಗಿ ಒಳಕ್ಕೆ), ಹಿಚ್ (ಸ್ವಲ್ಪ ಓಡಿ ನಿಂತು ತಿರುಗುವುದು), ಹತ್ತಿರದ ಹ್ಯಾಶ್‌ನಿಂದ (ಮೈದಾನದ ಉದ್ದಕ್ಕೂ ಇರುವ ಎರಡು ಗುರುತಿನ ಸಾಲುಗಳು; ಪ್ಲೇ ಶುರುವಾಗುವುದು ಇವುಗಳ ಮೇಲೆ ಅಥವಾ ನಡುವೆ) ಔಟ್ (ಅಂಚಿನ ಗೆರೆಯ ಕಡೆಗೆ ತಿರುಗುವುದು), ದೂರದ ಹ್ಯಾಶ್‌ನಿಂದ ಔಟ್, ಸೀಮ್ (ನೇರ ಮುಂದಕ್ಕೆ), ಪೋಸ್ಟ್ (ದೂರ ಓಡಿ ಒಳಕ್ಕೆ), ಬಲಕ್ಕೆ ಓಡುತ್ತಾ, ಎಡಕ್ಕೆ ಓಡುತ್ತಾ, ಒಂದೊಂದರಲ್ಲೂ ಹತ್ತು ಎಸೆತ. ಹಿಡಿದರೋ ಇಲ್ಲವೋ ಎಂದಷ್ಟೇ ಬರೆದುಕೊಂಡರೆ ಸಾಲದು. ರಿಸೀವರ್ ಓಟ ನಿಲ್ಲಿಸದೆ ಹಿಡಿದನೇ ಅನ್ನೋದು ಮುಖ್ಯ. ಹತ್ತಕ್ಕೆ ಎಂಟು ಹಾಗೆ ಬಂದರೆ ಆ ಪಾಸ್ ಪ್ಲೇಬುಕ್‌ನಲ್ಲಿ ಇರಲಿ. ಆರು ಬಂದರೆ ಅಭ್ಯಾಸದಲ್ಲಿ ಇರಲಿ, ಪಂದ್ಯದಲ್ಲಿ ಬೇಡ.

ದೂರದ ಹ್ಯಾಶ್‌ನಿಂದ ಔಟ್ ಎಸೆಯೋದನ್ನು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ನೋಡಿ ಹೈಸ್ಕೂಲಿಗೆ ತರುವವರು ಒಂದು ಲೆಕ್ಕ ಮರೆಯುತ್ತಾರೆ. ಮೈದಾನದ ಅಗಲ ಎರಡೂ ಕಡೆ 160 ಅಡಿಯೇ. ಆದರೆ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳ ನಡುವೆ 18 ಅಡಿ 6 ಇಂಚು, ಹೈಸ್ಕೂಲಿನಲ್ಲಿ 53 ಅಡಿ 4 ಇಂಚು. ಹಾಗಾಗಿ ಎಡ ಹ್ಯಾಶ್‌ನಿಂದ ಬಲ ಅಂಚಿನ ಗೆರೆಗೆ ಎನ್‌ಎಫ್‌ಎಲ್‌ನಲ್ಲಿ ಸುಮಾರು 30 ಗಜ, ನಿಮ್ಮಲ್ಲಿ 35 ಗಜಕ್ಕೂ ಮೇಲೆ. ಮುಂದೆ 12 ಗಜದ ಔಟ್, ಹಿಂದೆ ಕ್ವಾರ್ಟರ್‌ಬ್ಯಾಕ್ ನಿಂತ 5 ಗಜ ಸೇರಿಸಿ ಓರೆಯಾಗಿ ಅಳೆದರೆ ಚೆಂಡು ಗಾಳಿಯಲ್ಲಿ 39 ಗಜದಷ್ಟು ಹೋಗಬೇಕು. ಸಾಧಾರಣ ತೋಳಿನಿಂದ ಹೊರಟ ಆ ಚೆಂಡಿನ ಮುಂದೆ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ನುಗ್ಗಿದರೆ ಅವನಿಗೂ ಅಂಕ ಸಿಗುವ ಎಂಡ್‌ಝೋನ್‌ಗೂ ನಡುವೆ ಯಾರೂ ಇರೋದಿಲ್ಲ. ನಿಮ್ಮ ಹುಡುಗನ ಪ್ಲೇಬುಕ್‌ನಿಂದ ಮೊದಲು ಹೊಡೆದುಹಾಕಬೇಕಾದ ಪ್ಲೇ ಅದೇ.

ಎಸೆತದ ಜೊತೆಗೆ ಕಣ್ಣನ್ನೂ ಪರೀಕ್ಷಿಸಿ. ವಿಡಿಯೋವನ್ನು ಸ್ನ್ಯಾಪ್‌ಗೆ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುಮಾಡುವುದು) ಮುಂಚೆ ನಿಲ್ಲಿಸಿ, ಹಿಂದೆ ಸೇಫ್ಟಿ (ಎಲ್ಲರಿಗಿಂತ ಹಿಂದೆ ನಿಲ್ಲುವ ಡಿಫೆಂಡರ್) ಒಬ್ಬನೋ ಇಬ್ಬರೋ ಕೇಳಿ. ತಕ್ಷಣ ಹೇಳಿದರೆ ಅರ್ಧ ಮೈದಾನ ಓದುವ ಪಾಸ್ ಕೊಡಬಹುದು. ತಡವರಿಸಿದರೆ ಒಬ್ಬನೇ ಡಿಫೆಂಡರ್‌ನನ್ನು ನೋಡಿ ನಿರ್ಧರಿಸುವ ಪ್ಲೇಗಳು ಸಾಕು. ಕೊನೆಗೆ ಪಟ್ಟಿ ಅವನ ಕೈಗೇ ಕೊಟ್ಟು, ಥರ್ಡ್ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಆರು ಗಜ ಬೇಕಾದಾಗ ಯಾವ ಪ್ಲೇ ಬೇಡ ಅನಿಸುತ್ತೋ ಅದಕ್ಕೆ ಅಡ್ಡಗೆರೆ ಎಳೆ ಅನ್ನಿ. ಅವನು ಹೊಡೆದುಹಾಕಿದ್ದನ್ನು ಮತ್ತೆ ಸೇರಿಸಬೇಡಿ.

ಇನ್ನು ಓಟ. ಝೋನ್ ಓಟ (ಲೈನ್‌ನವರು ಇಂಥವನನ್ನೇ ಎಂದಲ್ಲದೆ ತಮ್ಮ ಜಾಗಕ್ಕೆ ಬಂದವನನ್ನು ತಡೆಯುವ ಓಟ) ನಿಮ್ಮ ತಂಡದಲ್ಲಿ ಈಗಾಗಲೇ ಇದ್ದರೆ ಝೋನ್ ರೀಡ್‌ಗೆ ಲೈನ್‌ನವರು ಹೊಸದಾಗಿ ಕಲಿಯೋದು ತೀರಾ ಕಡಿಮೆ. ಓಟದ ಹಿಂಬದಿಯ ಎಂಡ್‌ನನ್ನು, ಅಂದರೆ ಎದುರಾಳಿ ಲೈನ್‌ನ ತುದಿಯವನನ್ನು, ಯಾರೂ ತಡೆಯುವುದಿಲ್ಲ. ಅವನನ್ನು ತಡೆಯಬೇಕಿದ್ದ ಟ್ಯಾಕಲ್ (ನಿಮ್ಮ ಲೈನ್‌ನ ತುದಿಯವನು) ಒಳಗೆ ಲೈನ್‌ಬ್ಯಾಕರ್ (ಎದುರಾಳಿ ಲೈನ್‌ನ ಹಿಂದೆ ನಿಲ್ಲುವವನು) ಮೇಲೆ ಹೋಗುತ್ತಾನೆ. ಎಂಡ್, ಚೆಂಡು ಹೊತ್ತು ಓಡುವ ರನ್ನಿಂಗ್ ಬ್ಯಾಕ್ ಹಿಂದೆ ಒಳನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಇಟ್ಟುಕೊಂಡು ಹೊರಗೆ ಓಡಬೇಕು. ಎಂಡ್ ಭುಜ ನೇರವಾಗಿಟ್ಟು ಜಾಗದಲ್ಲೇ ನಿಂತರೆ ಚೆಂಡನ್ನು ಬ್ಯಾಕ್‌ಗೆ ಕೊಡಬೇಕು. ಅನುಮಾನ ಬಂದರೆ ಕೊಡುವುದೇ ನಿಯಮ.

ಕೆಡುವುದು ಹೆಚ್ಚಾಗಿ ಮೆಶ್‌ನಲ್ಲಿ, ಅಂದರೆ ಚೆಂಡು ಬ್ಯಾಕ್‌ನ ಹೊಟ್ಟೆಯ ಹತ್ತಿರ ಇರುವ ಆ ಅರೆಗಳಿಗೆಯಲ್ಲಿ. ಬ್ಯಾಕ್ ಅವಸರಪಟ್ಟು ಅಪ್ಪಿಕೊಳ್ಳುತ್ತಾನೆ, ಕ್ವಾರ್ಟರ್‌ಬ್ಯಾಕ್ ಎಳೆಯುತ್ತಾನೆ, ಚೆಂಡು ನೆಲಕ್ಕೆ. ಬ್ಯಾಕ್ ಕೈಗಳನ್ನು ಮೆತ್ತಗೆ ಇಟ್ಟುಕೊಳ್ಳಲಿ, ಚೆಂಡು ಒತ್ತಿದಾಗ ಮಾತ್ರ ಮುಚ್ಚಲಿ. ಕ್ವಾರ್ಟರ್‌ಬ್ಯಾಕ್ ತನ್ನ ಹಿಂದಿನ ಸೊಂಟದಿಂದ ಮುಂದಿನ ಸೊಂಟದವರೆಗೆ ಚೆಂಡನ್ನು ಸಾಗಿಸುವಷ್ಟರಲ್ಲಿ ತೀರ್ಮಾನ ಆಗಿರಬೇಕು. ಕಣ್ಣು ಎಂಡ್ ಮೇಲೆ, ಚೆಂಡಿನ ಮೇಲಲ್ಲ. ದಿನಕ್ಕೆ ಹತ್ತು ನಿಮಿಷ ನೀವೇ ಎಂಡ್ ಆಗಿ ನಿಂತು, ಒಮ್ಮೆ ನುಗ್ಗಿ, ಒಮ್ಮೆ ನಿಂತು, ಒಮ್ಮೆ ತಡಮಾಡಿ ತೋರಿಸಿ.

ಎರಡು ಪಂದ್ಯ ಆಗುವಷ್ಟರಲ್ಲಿ ಎದುರಾಳಿ ಸ್ಕ್ರೇಪ್ ತರುತ್ತಾನೆ. ಎಂಡ್ ಬೇಕೆಂದೇ ಒಳನುಗ್ಗುತ್ತಾನೆ, ಲೈನ್‌ಬ್ಯಾಕರ್ ಹೊರಗೆ ಸುತ್ತಿಕೊಂಡು ಬಂದು ಕ್ವಾರ್ಟರ್‌ಬ್ಯಾಕ್‌ಗೆ ಕಾಯುತ್ತಾನೆ. ನಿಮ್ಮ ಹುಡುಗ ಸರಿಯಾಗಿಯೇ ಓದಿ ಪೆಟ್ಟು ತಿನ್ನುತ್ತಾನೆ, ಆಮೇಲೆ ತನ್ನ ಕಣ್ಣನ್ನೇ ನಂಬುವುದಿಲ್ಲ. ಇದಕ್ಕೆ ಮದ್ದು ಮೊದಲೇ ತಯಾರಿರಲಿ: ನಿಮ್ಮ ಟೈಟ್ ಎಂಡ್ (ಲೈನ್‌ನ ಪಕ್ಕ ನಿಂತು ತಡೆಯುವ, ಪಾಸ್ ಕೂಡ ಹಿಡಿಯುವ ಆಟಗಾರ) ಎದುರಾಳಿಯ ಆ ಎಂಡ್‌ನನ್ನು ತಡೆಯುವವನಂತೆ ಬಂದು, ಅವನನ್ನು ದಾಟಿ, ಸುತ್ತಿ ಬರುವ ಲೈನ್‌ಬ್ಯಾಕರ್‌ಗೆ ಬ್ಲಾಕ್ ಹಾಕಬೇಕು.

ಪಾಸ್‌ನಲ್ಲಿ ಐದು ಹೆಜ್ಜೆ ಹಿಂದೆ ಸರಿದು ಮೈದಾನವೆಲ್ಲ ನೋಡುವ ಪ್ಲೇಗಳನ್ನು ಬಿಟ್ಟುಬಿಡಿ. ಶಾಟ್‌ಗನ್‌ನಲ್ಲಿ (ಚೆಂಡು ಕೊಡುವ ಸೆಂಟರ್‌ನಿಂದ ಕೆಲವು ಗಜ ಹಿಂದೆ ನಿಂತು) ಚೆಂಡು ಹಿಡಿದು, ಒಂದೆರಡು ಹೆಜ್ಜೆಗೆ ಬಿಡುವ ಸ್ಲ್ಯಾಂಟ್, ಹಿಚ್ ಸಾಕು. ಅವನಿಗೆ ನಿಜವಾಗಿ ಒಗ್ಗೋದು ರೋಲ್‌ಔಟ್: ಬಲಕ್ಕೆ ಓಡುತ್ತಾ ಮೊದಲು ಅಂಚಿನ ಕಡೆಯ 4-5 ಗಜದ ಗಿಡ್ಡ ಪಾಸ್, ಅಂದರೆ ಫ್ಲ್ಯಾಟ್, ನೋಡು, ಅದು ಮುಚ್ಚಿದ್ದರೆ ಅದೇ ಬದಿಯಲ್ಲಿ 12 ಗಜದ ಔಟ್, ಅದೂ ಇಲ್ಲವೆಂದರೆ ಓಡು. ಓಡುತ್ತಾ ಹೋದಾಗ ಗೆರೆ ಹತ್ತಿರವಾಗುತ್ತದೆ, ಹಾಗಾಗಿ ಇದೇ ಔಟ್ ಈಗ ಅವನ ತೋಳಿಗೆ ನಿಲುಕುತ್ತದೆ. ಬಲಗೈ ಹುಡುಗ ಎಡಕ್ಕೆ ಓಡುವಾಗ ಭುಜ ತಿರುಗಿಸದೆ ಎಸೆದರೆ ಚೆಂಡು ಹಿಂದೆ ಬೀಳುತ್ತದೆ. ಆ ಕಡೆ ಬರೀ ಫ್ಲ್ಯಾಟ್ ಮತ್ತು ಓಟ ಇಟ್ಟುಕೊಳ್ಳಿ. ದೂರದ ಪಾಸ್ ಪೂರ್ತಿ ಬಿಡಬೇಕಿಲ್ಲ. ಓಟ ಸಾಗುತ್ತಿದ್ದರೆ ಸೇಫ್ಟಿ ಮುಂದೆ ಬರುತ್ತಾನೆ. ಆಗ ಪ್ಲೇ ಆ್ಯಕ್ಷನ್ ಮಾಡಿ (ಬ್ಯಾಕ್‌ಗೆ ಚೆಂಡು ಕೊಡುವಂತೆ ನಟಿಸಿ) ಪೋಸ್ಟ್‌ಗೆ ಎತ್ತರವಾಗಿ, ಬೇಗ ಬಿಟ್ಟರೆ ರಿಸೀವರ್ ಚೆಂಡಿನ ಕೆಳಗೆ ಓಡಿ ಸೇರಿಕೊಳ್ಳುತ್ತಾನೆ. ಅಲ್ಲಿ ಬಲಕ್ಕಿಂತ ಸಮಯ ಮುಖ್ಯ.

ಹೆಡ್ ಕೋಚ್ ಒಪ್ಪದಿದ್ದರೆ ಎನ್‌ಎಫ್‌ಎಲ್ ತಂಡ ಡೆನ್ವರ್ ಬ್ರಾಂಕೋಸ್ ಕಥೆ ಮುಂದಿಡಿ. 2011ರಲ್ಲಿ ಜಾನ್ ಫಾಕ್ಸ್ ಹೆಡ್ ಕೋಚ್, ಮೈಕ್ ಮೆಕಾಯ್ ಅಫೆನ್ಸ್ ನೋಡಿಕೊಳ್ಳುತ್ತಿದ್ದರು. ಕ್ವಾರ್ಟರ್‌ಬ್ಯಾಕ್ ಕೈಲ್ ಆರ್ಟನ್ ಜೊತೆ 1-4 (ಒಂದು ಗೆಲುವು, ನಾಲ್ಕು ಸೋಲು) ಆದಮೇಲೆ ಓಡಬಲ್ಲ ಟಿಮ್ ಟೀಬೋಗೆ ಆಟ ಕೊಟ್ಟು, ಅವನಿಗೆಂದೇ ರೀಡ್ ಆಪ್ಷನ್ (ಮೇಲಿನ ಝೋನ್ ರೀಡ್‌ನಂಥ ಆಟ) ತಂದರು. ಪಾಸ್ ಪೂರ್ತಿಯಾದದ್ದು ಶೇಕಡ 46.5 ಮಾತ್ರ, ಆದರೂ ಓಟದಲ್ಲಿ ತಂಡ ಲೀಗ್‌ಗೇ ಮೊದಲು. ಡಿವಿಷನ್ ಗೆದ್ದು ಪ್ಲೇಆಫ್‌ನಲ್ಲಿ ಸ್ಟೀಲರ್ಸ್‌ನ್ನೂ ಸೋಲಿಸಿತು. ಮರುವರ್ಷ ಎಸೆತಕ್ಕೆ ಹೆಸರಾದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಬಂದರು. ಅದೇ ಇಬ್ಬರು ಕೋಚ್‌ಗಳು ಆಪ್ಷನ್ ಮಡಚಿಟ್ಟು, ಸ್ನ್ಯಾಪ್‌ಗೆ ಮುಂಚೆ ಮ್ಯಾನಿಂಗ್ ತಾವೇ ಪ್ಲೇ ಬದಲಿಸುವ ಆಟಕ್ಕೆ ಹೊರಳಿದರು: 13-3, 4,659 ಗಜ, 37 ಟಚ್‌ಡೌನ್ ಪಾಸ್. 2015ರಲ್ಲಿ ಹೊಸ ಹೆಡ್ ಕೋಚ್ ಗ್ಯಾರಿ ಕುಬಿಯಾಕ್ ತಮ್ಮ ಬೂಟ್‌ಲೆಗ್ ಪದ್ಧತಿ ತಂದರು. ಸೆಂಟರ್ ಬೆನ್ನಿಗೆ ನಿಂತು, ಚೆಂಡು ಬಚ್ಚಿಟ್ಟು ಹೊರಗೆ ಓಡುವ ಆಟ ಅದು. 39 ವರ್ಷದ, ಶಾಟ್‌ಗನ್‌ಗೆ ಒಗ್ಗಿದ್ದ ಮ್ಯಾನಿಂಗ್‌ಗೆ ಅದು ಹೊಂದಲಿಲ್ಲ. ಪಿಸ್ಟಲ್‌ನಲ್ಲಿ (ಶಾಟ್‌ಗನ್‌ಗಿಂತ ಸೆಂಟರ್‌ಗೆ ಹತ್ತಿರದ ಜಾಗ) ನಿಲ್ಲಿಸಿ ರಾಜಿ ಮಾಡಿಕೊಂಡರೂ ಆ ಸೀಸನ್ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಕಾಲಿನ ಗಾಯವೂ ಕಾರಣ, ನಿಜ. ಆ ವರ್ಷ ಸೂಪರ್ ಬೌಲ್ ಗೆದ್ದುಕೊಟ್ಟದ್ದು ಡಿಫೆನ್ಸ್.

ಎಚ್ಚರಿಕೆಯೂ ಇದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2012ರಲ್ಲಿ ವಾಷಿಂಗ್ಟನ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ಗೆ ಹೊಂದುವ ಹಾಗೆ ಆಟ ಕಟ್ಟಿತು, ಅವನು 815 ಗಜ ಓಡಿದ. ಡಿಸೆಂಬರ್‌ನಲ್ಲಿ ಮಂಡಿಗೆ ಪೆಟ್ಟಾಯಿತು. ಅದೇ ಮಂಡಿಯಲ್ಲಿ ಜನವರಿಯ ಪ್ಲೇಆಫ್ ಆಡಿ ಇನ್ನೂ ಕೆಡಿಸಿಕೊಂಡ. ನಿಮ್ಮ ಹುಡುಗನಿಗೆ ಪಂದ್ಯಕ್ಕೆ ಎಂಟು-ಹತ್ತು ಓಟಕ್ಕಿಂತ ಹೆಚ್ಚು ಕರೆಯಬೇಡಿ. ಪೆಟ್ಟು ತಪ್ಪಿಸಲು ಜಾರಿ ಕೂರೋದನ್ನು ಮತ್ತು ಅಂಚಿನ ಗೆರೆ ದಾಟೋದನ್ನು ಮೊದಲ ವಾರವೇ ಕಲಿಸಿ. ಕುಂಟುತ್ತಿದ್ದರೆ ಹೊರಗೆ ಕೂರಿಸಿ, ಅವನು ಎಷ್ಟೇ ಗೋಗರೆದರೂ. ಎರಡನೇ ಕ್ವಾರ್ಟರ್‌ಬ್ಯಾಕ್‌ಗೂ ಇದೇ ಪಟ್ಟಿಯಿಂದ ನಾಲ್ಕೈದು ಪ್ಲೇ ಬರಲೇಬೇಕು.

ಒಟ್ಟು ಪಟ್ಟಿ ಹನ್ನೆರಡು ಪ್ಲೇ ಮೀರದಿರಲಿ: ನಾಲ್ಕು ಓಟ, ಮೂರು ಬೇಗದ ಪಾಸ್, ಎರಡು ರೋಲ್‌ಔಟ್, ಎರಡು ಪ್ಲೇ ಆ್ಯಕ್ಷನ್, ಒಂದು ಸ್ಕ್ರೀನ್ (ಎದುರಾಳಿಗಳನ್ನು ಒಳಬಿಟ್ಟು ಎಸೆಯುವ ಗಿಡ್ಡ ಪಾಸ್). ಮೂರು ಫಾರ್ಮೇಷನ್ (ಆಟಗಾರರು ನಿಲ್ಲುವ ಕ್ರಮ) ಸಾಕು. ಹೆಡ್ ಕೋಚ್‌ಗೆ ಇಷ್ಟವಾದ ಪಾಸ್‌ಗಳಲ್ಲಿ ಎಸೆತದ ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ಬಂದವನ್ನು ಅವರ ಹೆಸರಿನಲ್ಲೇ ಉಳಿಸಿ, ಅವರು ಒಪ್ಪೋದು ಸುಲಭವಾಗುತ್ತದೆ.

ಸೆಂಟರ್ ಇಷ್ಟು ದಿನ ಚೆಂಡನ್ನು ನೇರ ಕೈಗೆ ಕೊಡುತ್ತಿದ್ದರೆ ಅವನಿಗೆ ಶಾಟ್‌ಗನ್ ಸ್ನ್ಯಾಪ್ ಅಭ್ಯಾಸ ಇವತ್ತಿನಿಂದಲೇ ಶುರುಮಾಡಿಸಿ. ಚೆಂಡು ಹೊಟ್ಟೆಯ ಮಟ್ಟಕ್ಕೆ ಬಂದರೆ ಹುಡುಗನ ಕಣ್ಣು ಎಂಡ್ ಮೇಲೇ ಇರುತ್ತದೆ. ತಲೆಯ ಮಟ್ಟಕ್ಕೆ ಬಂದರೆ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ, ಅಷ್ಟರಲ್ಲಿ ಎಂಡ್ ಒಳಗೆ ಬಂದಾಗಿರುತ್ತದೆ.