ಅರ್ಥವಾಗದ ಹಾಡು ಪಟ್ಟಿಯ ತುದಿಗೇರಿದ್ದು

ಪ್ರಶ್ನೆ: ‘ದ್ರಾಗೋಸ್ತೆಯಾ ದಿನ್ ತೇಯ್’ ಎಂಬ ನೃತ್ಯಗೀತೆ 2004ರಲ್ಲಿ ಯುರೋಪಿನ ಎಲ್ಲ ದೇಶಗಳಲ್ಲೂ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತೆಂದು ಹೇಳುತ್ತಾರೆ. ಅದು ಯಾವ ಭಾಷೆಯದು? ಕೊಂಡವರಲ್ಲಿ ಬಹುಪಾಲು ಜನರಿಗೆ ಅರ್ಥವೇ ಆಗದ ಹಾಡು ಅಷ್ಟು ಗೆದ್ದದ್ದು ಹೇಗೆ? ಅದನ್ನೇ ಹೆಣ್ಣುದನಿಯಲ್ಲೂ ಕೇಳಿದ್ದೇನೆ, ಮೂಲ ಯಾವುದು?

ಉತ್ತರ: ಭಾಷೆ ರೊಮೇನಿಯನ್. ಮೂಲ ಹಾಡು, ಅದೇ ಭಾಷೆಯಾಡುವ ನೆರೆನಾಡು ಮೊಲ್ಡೋವಾದ ಮೂವರು ಯುವಕರ ‘ಓ-ಜೋನ್’ ತಂಡದ್ದು. ತಂಡವು ರೊಮೇನಿಯದ ರಾಜಧಾನಿ ಬುಕಾರೆಸ್ಟಿನಲ್ಲಿ ನೆಲೆಸಿದ ಮೇಲೆ, ಅದರ ಸದಸ್ಯ ದಾನ್ ಬಾಲನ್ ರಚಿಸಿದ ಈ ಹಾಡು 2003ರಲ್ಲಿ ಹೊರಬಂದಿತು. ನೀವು ಕೇಳಿದ ಹೆಣ್ಣುದನಿ, ‘ಹೈದುಚಿ’ ಎಂಬ ಹೆಸರಿನಿಂದ ಹಾಡುವ ರೊಮೇನಿಯದ ಗಾಯಕಿ ಪೌಲಾ ಮಿತ್ರಾಕೆಯವರದು. ಇಟಲಿಯಲ್ಲಿ ಮೊದಲು ಹಬ್ಬಿ ಅಲ್ಲಿನ ಪಟ್ಟಿಯ ತುದಿಗೇರಿದ್ದು ಅವರ ಆವೃತ್ತಿಯೇ. ಮೂಲ ತಂಡದ ಸಿಂಗಲ್ (ಒಂಟಿ ಹಾಡಿನ ಬಿಡುಗಡೆ) ಪಶ್ಚಿಮ ಯುರೋಪಿಗೆ ಬಂದದ್ದು ಅದರ ಬೆನ್ನಿಗೆ. ನಕಲು ಹಾಕಿಕೊಟ್ಟ ದಾರಿಯಲ್ಲಿ ಮೂಲವು ನಡೆದುಬಂದ ವಿಚಿತ್ರ ಪ್ರಸಂಗವಿದು.

‘ಎಲ್ಲ ದೇಶಗಳಲ್ಲೂ’ ಎಂಬ ಮಾತನ್ನು ಮಾತ್ರ ತುಸು ತಿದ್ದಬೇಕು. ಜರ್ಮನಿಯಲ್ಲಿ 14 ವಾರ, ಫ್ರಾನ್ಸಿನಲ್ಲಿ 15 ವಾರ ಅದು ಮೊದಲ ಸ್ಥಾನವನ್ನು ಬಿಟ್ಟುಕೊಡಲಿಲ್ಲವಾದರೂ ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನದಲ್ಲೇ ನಿಂತಿತು. ಆಗಿನ ‘ಯೂರೋಚಾರ್ಟ್ ಹಾಟ್ 100’ ಹಲವು ದೇಶಗಳ ಮಾರಾಟವನ್ನು ಒಗ್ಗೂಡಿಸಿ ತಯಾರಾಗುತ್ತಿದ್ದುದರಿಂದ, ಎರಡು ದೊಡ್ಡ ಮಾರುಕಟ್ಟೆಗಳನ್ನು ಹಿಡಿದಿದ್ದ ಹಾಡಿಗೆ ಈ ಕೊರತೆ ಅಡ್ಡಿಯಾಗಲಿಲ್ಲ. ಅಲ್ಲೂ ಅದು ಮೊದಲನೆಯದಾಯಿತು.

ಅರ್ಥದ ವಿಷಯಕ್ಕೆ ಬಂದರೆ, ಹಾಡು ತೊಡಗುವುದೇ ‘ಮಾಯಾ ಹೀ, ಮಾಯಾ ಹೂ’ ಎಂಬ, ರೊಮೇನಿಯನ್ ಬಲ್ಲವರಿಗೂ ಅರ್ಥವಿಲ್ಲದ ದನಿಗಳಿಂದ. ಅಷ್ಟರ ಮಟ್ಟಿಗೆ ಬುಕಾರೆಸ್ಟಿನವನೂ ಬರ್ಲಿನ್ನಿನವನೂ ಸಮಾನರು. ಯಾರು ಬೇಕಾದರೂ ಮೊದಲ ಸಲ ಕೇಳಿದ ಕೂಡಲೇ ದನಿಗೂಡಿಸಬಹುದು. ಪಲ್ಲವಿಯಲ್ಲೂ ‘ನು ಮ’ ಎಂಬ ಗಿಡ್ಡ ಪದಗಳು ತಾಳಕ್ಕೆ ಕಟ್ಟುಬಿದ್ದು ಮತ್ತೆ ಮತ್ತೆ ಬರುವುದರಿಂದ ಕಿವಿಗೆ ಅವು ಪದಗಳಾಗಿ ಅಲ್ಲ, ಬಡಿತವಾಗಿಯೇ ಕೇಳಿಸುತ್ತವೆ. ನನ್ನ ಮಟ್ಟಿಗೆ ಗೆಲುವಿನ ಗುಟ್ಟು ಇಲ್ಲಿದೆ.

ಹಾಗೆಂದು ಸಾಹಿತ್ಯ ಬರಿದಲ್ಲ. ಶೀರ್ಷಿಕೆಯಲ್ಲಿರುವ ‘ತೇಯ್’ ಎಂದರೆ ಲಿಂಡನ್ ಮರ. ಹಾಡಿನ ನಾಯಕನು ತನ್ನನ್ನು ‘ಹೈದುಕ್’, ಅಂದರೆ ಕಾಡು ಸೇರಿದ ಬಂಡುಕೋರನೆಂದು ಹೇಳಿಕೊಳ್ಳುತ್ತಾನೆ. ಗಾಯಕಿಯ ಹೆಸರು ಬಂದದ್ದೂ ಈ ಪದದಿಂದಲೇ. ಇಂಥ ವೀರನು ನಲ್ಲೆಗೆ ಮಾಡಿದ್ದಾದರೂ ಏನು? ಫೋನಿನಲ್ಲಿ ಮಿಸ್ಡ್ ಕಾಲ್ ಕೊಟ್ಟದ್ದು! ಪಲ್ಲವಿಯೋ, ತನ್ನನ್ನು ಕರೆದೊಯ್ಯದೆ ಹೊರಟು ನಿಂತವಳ ಮೇಲಿನ ದೂರು. ಡಿಸ್ಕೊಗಳಲ್ಲಿ ಕುಣಿದ ಎಷ್ಟೋ ಮಂದಿಗೆ ತಾವು ಕುಣಿಯುತ್ತಿರುವುದು ಒಂದು ವಿರಹಗೀತೆಗೆಂದು ತಿಳಿದಿರಲಾರದು.

2008ರಲ್ಲಿ ಅಮೆರಿಕದ ರ್‍ಯಾಪ್ ಗಾಯಕ ಟಿ.ಐ. ಮತ್ತು ಗಾಯಕಿ ರಿಹಾನಾ ‘ಲಿವ್ ಯುವರ್ ಲೈಫ್’ ಹಾಡಿದಾಗ ಈ ಹಾಡಿನ ಆರಂಭದ ದನಿಗಳನ್ನೂ ಧಾಟಿಯನ್ನೂ ಉಳಿಸಿಕೊಂಡು, ನಲ್ಲೆಯ ಕಥೆಯನ್ನು ಕೈಬಿಟ್ಟು ಇಂಗ್ಲಿಷ್ ಸಾಲುಗಳನ್ನು ಕೂಡಿಸಿದರು. ಅದು ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಹೋಯಿತು.